ಕ್ಲೀನ್‌ರೂಮ್‌ನ ಫ್ಯಾನ್ ಫಿಲ್ಟರ್ ಯೂನಿಟ್‌ಗಳ ಸ್ವಯಂಚಾಲಿತ ನಿಯಂತ್ರಣ: ಅಳತೆಯಿಂದ ಅಲಾರಂವರೆಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಎಲೆಕ್ಟ್ರಾನಿಕ್ಸ್ ಜೋಡಣೆಗೋ ವೈದ್ಯಕೀಯ ಸಾಧನಗಳ ಪ್ಯಾಕಿಂಗ್‌ಗೋ ಕ್ಲೀನ್‌ರೂಮ್ (ಗಾಳಿಯಲ್ಲಿನ ಕಣಗಳನ್ನು ಮಿತಿಯಲ್ಲಿಟ್ಟ ಕೋಣೆ) ಕಟ್ಟಿಸಲು ಹೊರಟವರಿಗೆ, ಹಾಗೂ ಈಗಾಗಲೇ ಇರುವ ಕ್ಲೀನ್‌ರೂಮ್‌ ಅನ್ನು ದಿನವೂ ನೋಡಿಕೊಳ್ಳುವ ಮೇಂಟೆನೆನ್ಸ್ ಸಿಬ್ಬಂದಿಗೆ ಈ ಲೇಖನ. ಸೀಲಿಂಗ್‌ನಲ್ಲಿ ಕೂರಿಸಿದ ಫ್ಯಾನ್ ಫಿಲ್ಟರ್ ಯೂನಿಟ್‌ಗಳನ್ನು, ಅಂದರೆ ಎಫ್‌ಎಫ್‌ಯುಗಳನ್ನು, ಒಂದೊಂದಾಗಿ ಕೈಯಿಂದ ತಿರುಗಿಸಿ ಹೊಂದಿಸುವ ಬದಲು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಅಥವಾ ಕಟ್ಟಡ ನಿರ್ವಹಣಾ ವ್ಯವಸ್ಥೆಯ ಹಿಡಿತಕ್ಕೆ ತರುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಆರಂಭದಲ್ಲೇ ಒಂದು ಮಾತು ಹೇಳಬೇಕು. ನಿಯಂತ್ರಕಕ್ಕೆ ಗೊತ್ತಾಗುವುದು ಮೋಟಾರಿನ ವೇಗ ಮಾತ್ರ; ಕೋಣೆಗೆ ಬೇಕಾಗಿರುವುದು ಫಿಲ್ಟರ್ ದಾಟಿ ಕೆಳಗಿಳಿಯುವ ಗಾಳಿ. ಪರದೆಯ ಮೇಲೆ ಆರ್‌ಪಿಎಂ (ಮೋಟಾರು ನಿಮಿಷಕ್ಕೆ ಸುತ್ತುವ ಸಂಖ್ಯೆ) ಸರಿಯಾಗಿ ಕಾಣುತ್ತಿದ್ದರೂ ಗಾಳಿ ಅರ್ಧಕ್ಕೆ ಇಳಿದಿರಬಹುದು. ಈ ಎರಡನ್ನೂ ಅಳತೆಯಿಂದ ಬೆಸೆಯದೆ ಎಷ್ಟು ದುಬಾರಿ ಸಾಫ್ಟ್‌ವೇರ್ ಹಾಕಿದರೂ ಅದು ನಿಯಂತ್ರಣವೆನಿಸಿಕೊಳ್ಳುವುದಿಲ್ಲ.

ಕೋಣೆಯ ಲೆಕ್ಕ

ಎಫ್‌ಎಫ್‌ಯು ಎಂದರೆ ಒಂದೇ ಪೆಟ್ಟಿಗೆಯಲ್ಲಿ ಫ್ಯಾನ್, ಮೋಟಾರು ಮತ್ತು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್. ಸಾಮಾನ್ಯವಾಗಿ ಬಳಕೆಯಲ್ಲಿರುವುದು 2 ಅಡಿ ಅಗಲ, 4 ಅಡಿ ಉದ್ದದ ಯೂನಿಟ್. ಫಿಲ್ಟರ್ ಮುಖದಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.45 ಮೀಟರ್ ಇದ್ದಾಗ ಚೌಕಟ್ಟಿನ ಅಂಚು ಕಳೆದು ಗಂಟೆಗೆ ಸುಮಾರು 1000 ಘನಮೀಟರ್ ಗಾಳಿ ಇದರಿಂದ ಇಳಿಯುತ್ತದೆ. ಹನ್ನೆರಡು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಗಾತ್ರ 360 ಘನಮೀಟರ್. ಅಲ್ಲಿ 16 ಯೂನಿಟ್‌ಗಳಿದ್ದರೆ ಗಂಟೆಗೆ 44 ಸಲ ಕೋಣೆಯ ಗಾಳಿ ಬದಲಾದಂತೆ ಆಗುತ್ತದೆ. ಲೇಖನದುದ್ದಕ್ಕೂ ಇದೇ ಕೋಣೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಕ್ಲೀನ್‌ರೂಮ್‌ಗಳ ಶುದ್ಧತೆಯನ್ನು ವರ್ಗೀಕರಿಸುವ ಐಎಸ್‌ಒ 14644-1 ಮಾನದಂಡವು ಕಣಗಳ ಮಿತಿಯನ್ನು ಹೇಳುತ್ತದೆಯೇ ಹೊರತು ಗಾಳಿ ಗಂಟೆಗೆ ಎಷ್ಟು ಸಲ ಬದಲಾಗಬೇಕೆಂದು ಹೇಳುವುದಿಲ್ಲ. ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ 7ನೇ ವರ್ಗಕ್ಕೆ 3,52,000 ಮೀರಬಾರದು, 8ನೇ ವರ್ಗಕ್ಕೆ 35,20,000 ಮೀರಬಾರದು. ಅಲ್ಲಿಗೆ ಎಷ್ಟು ಗಾಳಿಯಿಂದ ತಲುಪುತ್ತೀರಿ ಎಂಬುದು ನಿಮ್ಮ ಜನ, ಯಂತ್ರ, ಕೆಲಸದ ರೀತಿಯನ್ನು ಅವಲಂಬಿಸಿದೆ. ಆದ್ದರಿಂದ ಗುತ್ತಿಗೆದಾರರು ಕೊಟ್ಟ ಸಂಖ್ಯೆಯನ್ನು ಆರಂಭದ ಅಂದಾಜೆಂದು ಮಾತ್ರ ಇಟ್ಟುಕೊಂಡು, ಕೊನೆಯ ಸಂಖ್ಯೆಯನ್ನು ಕಣ ಎಣಿಕೆಯಿಂದಲೇ ನಿರ್ಧರಿಸಬೇಕು.

ಕೋಣೆಯ ಒತ್ತಡ ಯಾರ ಕೆಲಸ?

ಪ್ರೋಗ್ರಾಂ ಬರೆಯುವ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು. ನಮ್ಮಲ್ಲಿ ಬಹಳ ಕಡೆ ಇದನ್ನು ಬಿಟ್ಟು ಮುಂದೆ ಹೋಗುವುದರಿಂದಲೇ ನಂತರದ ಗೊಂದಲಗಳೆಲ್ಲ ಹುಟ್ಟುತ್ತವೆ. ಸೀಲಿಂಗ್ ಮೇಲಿನ ಪ್ಲೀನಮ್‌ನಿಂದ (ಗಾಳಿ ಸೇರುವ ಮುಚ್ಚಿದ ಜಾಗದಿಂದ) ಗಾಳಿ ಎಳೆದು ಕೋಣೆಗೆ ಬಿಟ್ಟು, ಗೋಡೆಯ ಕೆಳಭಾಗದ ಗ್ರಿಲ್ ಮೂಲಕ ಅದೇ ಗಾಳಿಯನ್ನು ಮತ್ತೆ ಪ್ಲೀನಮ್‌ಗೆ ಒಯ್ಯುವ ವಿನ್ಯಾಸದಲ್ಲಿ, ಎಫ್‌ಎಫ್‌ಯುಗಳು ಗಾಳಿಯನ್ನು ಸುತ್ತಿಸುತ್ತವೆ ಅಷ್ಟೆ. ಕೋಣೆಗೆ ಹೊರಗಿನಿಂದ ಎಷ್ಟು ಗಾಳಿ ಸೇರಿತು, ಎಷ್ಟು ಎಕ್ಸಾಸ್ಟ್‌ನಲ್ಲಿ ಹೋಯಿತು, ಎಷ್ಟು ಬಾಗಿಲಿನ ಸಂದಿಯಲ್ಲಿ ಸೋರಿತು ಎಂಬುದೇ ಕೋಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಪಕ್ಕದ ಕೋಣೆಗಿಂತ 10 ರಿಂದ 15 ಪಾಸ್ಕಲ್ ಹೆಚ್ಚು ಇರಬೇಕೆಂದರೆ ಆ ಕೆಲಸವನ್ನು ಹೊಸ ಗಾಳಿ ತರುವ ಯಂತ್ರಕ್ಕೆ ಮತ್ತು ಎಕ್ಸಾಸ್ಟ್ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಡ್ಯಾಂಪರ್‌ಗೆ ಒಪ್ಪಿಸಬೇಕು. ಒತ್ತಡ ಕಡಿಮೆಯಾಯಿತೆಂದು ಎಫ್‌ಎಫ್‌ಯುಗಳ ವೇಗವನ್ನು ಏರಿಸುವ ಲೂಪ್ (ಅಳತೆ ನೋಡಿ ತಾನಾಗಿ ತಿದ್ದುವ ಪ್ರೋಗ್ರಾಂ) ಬರೆದರೆ ಫ್ಯಾನ್‌ಗಳು ಗರಿಷ್ಠ ವೇಗಕ್ಕೆ ಹೋಗಿ ನಿಲ್ಲುತ್ತವೆ, ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ.

ಹೊರಗಿನ ಗಾಳಿಯನ್ನು ಎಫ್‌ಎಫ್‌ಯು ನೇರವಾಗಿ ಎಳೆದು ಒಳಗೆ ಬಿಟ್ಟು ಮತ್ತೆ ಹೊರಗೆ ಹಾಕುವ ಸಣ್ಣ ಪರದೆ ಬೂತ್‌ಗಳಲ್ಲಿ ಮಾತ್ರ ಮಾತು ಬೇರೆ. ಅಲ್ಲಿ ಯೂನಿಟ್‌ನ ವೇಗವೇ ಒತ್ತಡವನ್ನು ಕೊಡುತ್ತದೆ. ನಿಮ್ಮದು ಯಾವ ವಿನ್ಯಾಸವೆಂದು ಚಿತ್ರ ಬರೆದು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬಾಣ ಹಾಕಿ ನೋಡಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗಬೇಕು.

ಮೋಟಾರು ಮತ್ತು ವೈರಿಂಗ್

ಹೊಸದಾಗಿ ಕೊಳ್ಳುವುದಾದರೆ ಇ.ಸಿ. ಮೋಟಾರು (ಒಳಗಿನ ಎಲೆಕ್ಟ್ರಾನಿಕ್ಸ್‌ನಿಂದ ವೇಗ ಬದಲಿಸುವ ಮೋಟಾರು) ಇರುವ ಯೂನಿಟ್‌ಗಳನ್ನೇ ಕೊಳ್ಳಿ. ಹಳೆಯ ಎ.ಸಿ. ಮೋಟಾರಿನ ಯೂನಿಟ್‌ಗಳಿಗೆ ಮೂರು ಹಂತದ ಸ್ವಿಚ್ ಅಥವಾ ರೆಗ್ಯುಲೇಟರ್ ಇರುತ್ತದೆ. ಅವು ತಮ್ಮ ವೇಗವನ್ನು ಹಿಂದಕ್ಕೆ ವರದಿ ಮಾಡುವುದಿಲ್ಲ. ಅಂಥವು ಈಗಾಗಲೇ ಇದ್ದರೆ ಪ್ರತಿ ಯೂನಿಟ್‌ನ ವಿದ್ಯುತ್ ತಂತಿಗೆ ಒಂದು ಕರೆಂಟ್ ರಿಲೇ ಹಾಕಿ ‘ಓಡುತ್ತಿದೆ, ನಿಂತಿದೆ’ ಎಂಬುದನ್ನಾದರೂ ಪ್ಯಾನೆಲ್‌ಗೆ ತರಬಹುದು.

ಇ.ಸಿ. ಮೋಟಾರಿಗೆ ಆದೇಶ ಕೊಡುವ ದಾರಿಗಳು ಎರಡು. ಮೊದಲನೆಯದು 0–10 ವೋಲ್ಟ್ ಸಂಕೇತ. ಇದು ಸರಳ, ಅಗ್ಗ, ಏಳೆಂಟು ಯೂನಿಟ್‌ಗಳ ಕೋಣೆಗೆ ಸಾಕು. ಆದರೆ ಈ ತಂತಿ ಎಲ್ಲಾದರೂ ಕಡಿದುಹೋದರೆ ಮೋಟಾರಿಗೆ ಕಾಣುವುದು ಸೊನ್ನೆ ವೋಲ್ಟ್, ಅಂದರೆ ‘ನಿಲ್ಲು’ ಎಂಬ ಆದೇಶ. ಒಂದೇ ಸಂಕೇತದಲ್ಲಿ ಇಡೀ ಸಾಲನ್ನು ನಡೆಸುತ್ತಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಎರಡನೆಯದು ಆರ್‌ಎಸ್-485 ಎಂಬ ಬಗೆಯ ಸಂಪರ್ಕ ತಂತಿಯ ಮೇಲೆ ಮಾಡ್‌ಬಸ್, ಅಂದರೆ ಯಂತ್ರಗಳು ಸಂದೇಶ ವಿನಿಮಯ ಮಾಡುವ ಪದ್ಧತಿ. ಇದರಲ್ಲಿ ಪ್ರತಿ ಯೂನಿಟ್‌ಗೂ ತನ್ನದೇ ವಿಳಾಸವಿದ್ದು, ವೇಗದ ಆದೇಶ, ನಿಜವಾದ ಆರ್‌ಪಿಎಂ, ದೋಷದ ಸ್ಥಿತಿ, ಓಡಿದ ಗಂಟೆಗಳು ಎಲ್ಲವೂ ಬೇರೆಬೇರೆಯಾಗಿ ಸಿಗುತ್ತವೆ. ನಮ್ಮ 16 ಯೂನಿಟ್‌ಗಳ ಕೋಣೆಗೆ ನಾನು ಇದನ್ನೇ ಆರಿಸುತ್ತೇನೆ.

ಮಾಡ್‌ಬಸ್ ತಂತಿಯನ್ನು ಒಂದು ಯೂನಿಟ್‌ನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಸಾಲಾಗಿ ಎಳೆಯಬೇಕು. ಸೀಲಿಂಗ್ ಮೇಲೆ ಅನುಕೂಲವಾಯಿತೆಂದು ಮಧ್ಯದ ಒಂದು ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಕವಲು ಬಿಡಬಾರದು. ತಿರುಚಿದ ಜೋಡಿತಂತಿಯ, ಶೀಲ್ಡ್ ಇರುವ ಕೇಬಲ್ ಬಳಸಿ, ಸಾಲಿನ ಎರಡೂ ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಹಾಕಿ, ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ತಿಂಗ್‌ಗೆ ಸೇರಿಸಿ. 230 ವೋಲ್ಟ್ ಕೇಬಲ್‌ನೊಂದಿಗೆ ಒಂದೇ ಪೈಪಿನಲ್ಲಿ ಇದನ್ನು ತುರುಕಬೇಡಿ. ಒಂದು ಸಾಲಿನಲ್ಲಿ 32ಕ್ಕಿಂತ ಹೆಚ್ಚು ಯೂನಿಟ್‌ಗಳು ಬರುವಂತಿದ್ದರೆ ಮೋಟಾರು ತಯಾರಕರ ಕೈಪಿಡಿಯನ್ನು ನೋಡಿ, ಅಗತ್ಯವಾದರೆ ರಿಪೀಟರ್ ಹಾಕಿ ಅಥವಾ ಎರಡು ಸಾಲು ಮಾಡಿ. ನಮ್ಮ ಸೀಮೆಯಲ್ಲಿ ಯುಗಾದಿ ಕಳೆದ ಮೇಲೆ ಗುಡುಗು ಸಿಡಿಲಿನ ಮಳೆ ಶುರುವಾಗುವುದರಿಂದ, ತಂತಿಯು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಕಡೆ ಸರ್ಜ್ ರಕ್ಷಕ ಇರಲೇಬೇಕು.

ವಿಳಾಸಗಳನ್ನು ಯೂನಿಟ್‌ಗಳು ನೆಲದ ಮೇಲಿರುವಾಗಲೇ ಕೊಟ್ಟುಬಿಡಿ. ಟೇಬಲ್ ಮೇಲೆ ಒಂದೊಂದಕ್ಕೇ ಕರೆಂಟ್ ಕೊಟ್ಟು, ಲ್ಯಾಪ್‌ಟಾಪ್‌ನಿಂದ ವಿಳಾಸ ಬರೆದು, ಅದೇ ಸಂಖ್ಯೆಯನ್ನು ಯೂನಿಟ್‌ನ ಮೇಲ್ಭಾಗದಲ್ಲೂ ಕೆಳಗಿನಿಂದ ಕಾಣುವ ಚೌಕಟ್ಟಿನ ಮೇಲೂ ಅಂಟಿಸಿ, ನಂತರ ಮೇಲೇರಿಸಿ. ಎರಡು ಯೂನಿಟ್‌ಗಳಿಗೆ ಒಂದೇ ವಿಳಾಸ ಬಂದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಸಂದೇಶ ಕಲಸಿಹೋಗುತ್ತದೆ. ಪರದೆಯಲ್ಲಿ ಆ ಯೂನಿಟ್ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ. ಸೀಲಿಂಗ್ ಮುಚ್ಚಿದ ಮೇಲೆ ಇದನ್ನು ಹುಡುಕುವುದು ಬಲು ಕಷ್ಟ. ಇನ್ನೊಂದು ಸಾಮಾನ್ಯ ತೊಡಕೆಂದರೆ ರಿಜಿಸ್ಟರ್ (ಮೋಟಾರಿನ ಸ್ಮೃತಿಯಲ್ಲಿ ಒಂದೊಂದು ಮೌಲ್ಯ ಇರುವ ಸ್ಥಾನ) ಸಂಖ್ಯೆ: ಕೈಪಿಡಿಯಲ್ಲಿ ಎಣಿಕೆ 1ರಿಂದ ಆರಂಭವಾಗಿದ್ದು ಪಿಎಲ್‌ಸಿಯಲ್ಲಿ 0ಯಿಂದ ಆರಂಭವಾದರೆ ಓದುವ ಮೌಲ್ಯವೆಲ್ಲ ಒಂದು ಸ್ಥಾನ ಪಕ್ಕಕ್ಕೆ ಸರಿಯುತ್ತದೆ. ಓಡಿದ ಗಂಟೆಗಳ ಸಂಖ್ಯೆ ವೇಗದ ಜಾಗದಲ್ಲಿ ಕಂಡರೆ ಮೊದಲು ಇದನ್ನೇ ನೋಡಿ.

ವಿದ್ಯುತ್ ಸರಬರಾಜಿನಲ್ಲಿ ಮೂರು ಸಂಗತಿಗಳನ್ನು ಎಲೆಕ್ಟ್ರಿಷಿಯನ್ ಜೊತೆ ಕೂತು ಮಾತನಾಡಬೇಕು. ಏಕಫೇಸ್ ಇ.ಸಿ. ಮೋಟಾರುಗಳು ಮೂರನೆಯ ಹಾರ್ಮೋನಿಕ್ (ಮೂಲ ಆವರ್ತನದ ಮೂರರಷ್ಟಿನ) ಕರೆಂಟನ್ನು ಎಬ್ಬಿಸುತ್ತವೆ, ಅದು ಮೂರೂ ಫೇಸ್‌ಗಳಿಂದ ನ್ಯೂಟ್ರಲ್‌ನಲ್ಲಿ ಬಂದು ಕೂಡಿಕೊಳ್ಳುತ್ತದೆ. ಆದ್ದರಿಂದ ನ್ಯೂಟ್ರಲ್ ತಂತಿ ಫೇಸ್ ತಂತಿಗಿಂತ ಸಣ್ಣದಿರಬಾರದು. ಒಂದೊಂದು ಮೋಟಾರಿನಿಂದಲೂ ಅಲ್ಪ ಪ್ರಮಾಣದ ಲೀಕೇಜ್ ಕರೆಂಟ್ ಅರ್ತಿಂಗ್‌ಗೆ ಹೋಗುವುದರಿಂದ ಹದಿನಾರನ್ನೂ 30 ಮಿಲಿಆಂಪಿಯರ್‌ನ ಒಂದೇ ಆರ್‌ಸಿಸಿಬಿಗೆ (ಲೀಕೇಜ್ ಕಂಡರೆ ಕರೆಂಟ್ ಕಡಿಯುವ ಸ್ವಿಚ್‌ಗೆ) ಕಟ್ಟಿದರೆ ಯಾವ ದೋಷವೂ ಇಲ್ಲದೆ ಅದು ಟ್ರಿಪ್ ಆಗಬಹುದು. ಜೊತೆಗೆ, ಎಲ್ಲ ಯೂನಿಟ್‌ಗಳೂ ಒಮ್ಮೆಲೇ ಕರೆಂಟ್ ಪಡೆದರೆ ಅವುಗಳ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಕ್ಷಣದ ಎಳೆತಕ್ಕೆ ಎಂಸಿಬಿ ಬೀಳಬಹುದು. ನಾಲ್ಕೈದರಂತೆ ಗುಂಪು ಮಾಡಿ ಕಾಂಟ್ಯಾಕ್ಟರ್‌ಗಳ ಮೂಲಕ ಒಂದರ ಹಿಂದೆ ಒಂದು ಗುಂಪಿಗೆ ಕರೆಂಟ್ ಕೊಡುವುದು ಇದಕ್ಕೆ ಪರಿಹಾರ.

ಆರ್‌ಪಿಎಂ ಮತ್ತು ಗಾಳಿಯನ್ನು ಬೆಸೆಯುವ ಪಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಇಲ್ಲಿಗೇ ಸಲ್ಲಬೇಕು. ಪ್ರತಿ ಯೂನಿಟ್‌ನ್ನೂ ಮೂರು ವೇಗಗಳಲ್ಲಿ, ಉದಾಹರಣೆಗೆ ಶೇಕಡಾ 50, 65 ಮತ್ತು 80ರಲ್ಲಿ ಓಡಿಸಿ, ಆಯಾ ಆರ್‌ಪಿಎಂನಲ್ಲಿ ಫಿಲ್ಟರ್ ಮುಖದ ಗಾಳಿಯ ವೇಗವನ್ನು ಅಳೆದು ಪಟ್ಟಿ ಮಾಡಬೇಕು. ಅಳೆಯುವ ಉಪಕರಣವನ್ನು ಫಿಲ್ಟರ್‌ನಿಂದ 150 ರಿಂದ 300 ಮಿಲಿಮೀಟರ್ ಕೆಳಗೆ, ಸ್ಟ್ಯಾಂಡಿಗೆ ಕಟ್ಟಿ ಹಿಡಿಯಬೇಕು. ಕೈಯಲ್ಲಿ ಹಿಡಿದರೆ ಕೈ ಅಲುಗುತ್ತದೆ, ಜೊತೆಗೆ ಮೈ ಅಡ್ಡ ಬಂದು ಗಾಳಿಯ ದಾರಿಯೇ ಬದಲಾಗುತ್ತದೆ. ಒಂದು ಯೂನಿಟ್‌ನ ಮುಖವನ್ನು ಎಂಟು ಚೌಕಗಳೆಂದು ಭಾವಿಸಿ ಪ್ರತಿಯೊಂದರ ನಡುವೆ ಓದಿ ಸರಾಸರಿ ತೆಗೆಯಿರಿ. ಗಾಳಿಯ ಒಟ್ಟು ಪ್ರಮಾಣವೇ ಬೇಕಿದ್ದರೆ ಯೂನಿಟ್‌ನ ಮುಖವನ್ನು ಪೂರ್ತಿ ಮುಚ್ಚುವ ಹುಡ್ ಹಾಕಿ ಅಳೆಯುವುದು ಇನ್ನೂ ಒಳ್ಳೆಯದು.

ಮೂರು ವೇಗಗಳು ಏಕೆ ಬೇಕು, ಒಂದರಲ್ಲಿ ಅಳೆದು ಉಳಿದುದನ್ನು ಲೆಕ್ಕ ಹಾಕಬಾರದೇ ಎಂದು ಕೇಳುವವರಿದ್ದಾರೆ. ಫ್ಯಾನ್‌ನ ನಿಯಮದ ಪ್ರಕಾರ ಗಾಳಿಯು ವೇಗಕ್ಕೆ ನೇರ ಅನುಪಾತದಲ್ಲೂ, ಒತ್ತಡವು ವೇಗದ ವರ್ಗಕ್ಕೂ, ವಿದ್ಯುತ್ತು ವೇಗದ ಘನಕ್ಕೂ ಅನುಗುಣವಾಗಿ ಬದಲಾಗುತ್ತದೆ ಎಂಬುದು ಸರಿಯೇ. ಆದರೆ ಆ ನಿಯಮ ಪೂರ್ತಿ ಹೊಂದುವುದು ಗಾಳಿಯ ದಾರಿಯ ತಡೆಯೂ ವೇಗದ ವರ್ಗದಂತೆ ಏರಿಳಿಯುವಾಗ ಮಾತ್ರ. ಹೆಪಾ ಫಿಲ್ಟರ್‌ನ ಎಳೆಗಳ ನಡುವೆ ಗಾಳಿ ಅತಿ ನಿಧಾನವಾಗಿ ಹರಿಯುವುದರಿಂದ ಅದರ ತಡೆ ಹೆಚ್ಚುಕಡಿಮೆ ಗಾಳಿಯ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಫ್ಯಾನ್‌ನ ವೇಗವನ್ನು ಶೇಕಡಾ 60ಕ್ಕೆ ಇಳಿಸಿದರೆ ಅದು ಕೊಡಬಲ್ಲ ಒತ್ತಡ ಶೇಕಡಾ 36ಕ್ಕೆ ಕುಸಿಯುತ್ತದೆ, ಆದರೆ ಶೇಕಡಾ 60ರಷ್ಟು ಗಾಳಿಯನ್ನು ದಾಟಿಸಲು ಫಿಲ್ಟರ್ ಕೇಳುವುದು ಶೇಕಡಾ 60ರಷ್ಟು ಒತ್ತಡ. ಹಾಗಾಗಿ ಗಾಳಿ ಶೇಕಡಾ 60ಕ್ಕಿಂತ ಕೆಳಗೆ ಇಳಿಯುತ್ತದೆ. ಎಷ್ಟು ಕೆಳಗೆ ಎಂಬುದು ಫ್ಯಾನ್‌ನಿಂದ ಫ್ಯಾನ್‌ಗೆ ಬೇರೆ, ಅಳೆಯದೆ ಗೊತ್ತಾಗುವುದಿಲ್ಲ. ಒಂದೇ ಪ್ಲೀನಮ್ ಹಂಚಿಕೊಂಡಿರುವ ಯೂನಿಟ್‌ಗಳಲ್ಲಿ ಒಂದರ ವೇಗ ಬದಲಿಸಿದರೆ ಪಕ್ಕದವುಗಳ ಗಾಳಿಯೂ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಕೊನೆಯ ಯೂನಿಟ್ ಮುಗಿಸಿದ ಮೇಲೆ ಮೊದಲನೆಯದಕ್ಕೆ ಹಿಂದಿರುಗಿ ಇನ್ನೊಂದು ಸುತ್ತು ಅಳೆಯಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸಮುದ್ರಮಟ್ಟದಿಂದ ಸುಮಾರು 800 ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಬಿಸಿ ತಂತಿಯ ಅನೆಮೋಮೀಟರ್ (ಗಾಳಿಯ ವೇಗ ಅಳೆಯುವ ಉಪಕರಣ) ಗಾಳಿಯ ದ್ರವ್ಯರಾಶಿಯನ್ನು ಗ್ರಹಿಸಿ, ಅದನ್ನು ಸಮುದ್ರಮಟ್ಟದ ಗಾಳಿಯೆಂದು ಭಾವಿಸಿ ವೇಗವನ್ನು ತೋರಿಸುತ್ತದೆ. ಫಿಲ್ಟರ್‌ನಿಂದ ನಿಜವಾಗಿ ಸೆಕೆಂಡಿಗೆ 0.45 ಮೀಟರ್ ಗಾಳಿ ಬರುತ್ತಿದ್ದರೂ ತಿದ್ದುಪಡಿ ಹಾಕದ ಉಪಕರಣದಲ್ಲಿ 0.41ರ ಆಸುಪಾಸು ಕಾಣುತ್ತದೆ. ಇದನ್ನು ಗಮನಿಸದವರು ಎಲ್ಲ ಯೂನಿಟ್‌ಗಳ ವೇಗವನ್ನೂ ಸುಮ್ಮನೆ ಏರಿಸಿ, ವರ್ಷಪೂರ್ತಿ ಹೆಚ್ಚಿನ ವಿದ್ಯುತ್ತು ಮತ್ತು ಸದ್ದು ಎರಡನ್ನೂ ಅನುಭವಿಸುತ್ತಾರೆ. ಉಪಕರಣದಲ್ಲಿ ಸ್ಥಳೀಯ ವಾಯುಒತ್ತಡವನ್ನು ನಮೂದಿಸುವ ಸೌಲಭ್ಯವಿದ್ದರೆ ಬಳಸಿ. ಇಲ್ಲವಾದರೆ ಓದಿದ ಸಂಖ್ಯೆಯನ್ನು 1013ರಿಂದ ಗುಣಿಸಿ ಅಂದಿನ ಸ್ಥಳೀಯ ಒತ್ತಡದ ಹೆಕ್ಟೊಪಾಸ್ಕಲ್‌ನಿಂದ ಭಾಗಿಸಿ. ಪರೀಕ್ಷೆಗೆ ಬರುವ ಏಜೆನ್ಸಿಯವರನ್ನೂ ಇದನ್ನು ಮಾಡಿದ್ದೀರಾ ಎಂದು ಕೇಳಿ, ವರದಿಯಲ್ಲಿ ಬರೆಸಿಕೊಳ್ಳಿ.

ಪ್ರೋಗ್ರಾಂನಲ್ಲಿ ಇರಬೇಕಾದುದು

ಆರಂಭದ ಕ್ರಮ ಹೀಗಿರಲಿ: ಎಫ್‌ಎಫ್‌ಯುಗಳು ಕನಿಷ್ಠ ವೇಗದಲ್ಲಿ ಗುಂಪುಗುಂಪಾಗಿ ಏಳಲಿ, ನಂತರ ಹೊಸ ಗಾಳಿಯ ಯಂತ್ರ, ಅದು ನೆಲೆಗೊಂಡ ಮೇಲೆ ಎಕ್ಸಾಸ್ಟ್. ನಿಲ್ಲಿಸುವಾಗ ಎಕ್ಸಾಸ್ಟ್ ಮೊದಲು ನಿಲ್ಲಬೇಕು. ಈ ಕ್ರಮ ತಲೆಕೆಳಗಾದರೆ ಕೋಣೆ ಕೆಲವು ನಿಮಿಷ ಹೊರಗಿನ ಗಾಳಿಯನ್ನು ಬಾಗಿಲಿನ ಸಂದಿಯಿಂದ ಎಳೆದುಕೊಳ್ಳುತ್ತದೆ.

ಸಂಪರ್ಕ ತಪ್ಪಿದಾಗ ಯೂನಿಟ್ ಏನು ಮಾಡಬೇಕೆಂಬುದನ್ನು ಮೋಟಾರಿನೊಳಗೇ ಬರೆದಿಡಬೇಕು. ಪಿಎಲ್‌ಸಿ ಕೆಟ್ಟರೂ ಫ್ಯಾನ್‌ಗಳು ಕೊನೆಯ ವೇಗದಲ್ಲಿ, ಅಥವಾ ನೀವು ನಿಗದಿ ಮಾಡಿದ ವೇಗದಲ್ಲಿ, ಓಡುತ್ತಲೇ ಇರಬೇಕು. ಕರೆಂಟ್ ಹೋಗಿ ಜನರೇಟರ್ ಬಂದಾಗಲೂ ಅಷ್ಟೆ, ಯಾರೂ ಗುಂಡಿ ಒತ್ತದೆ ಹಿಂದಿನ ವೇಗಕ್ಕೆ ಮರಳಬೇಕು. ಪಿಎಲ್‌ಸಿ, ಪರದೆ ಮತ್ತು ಒತ್ತಡದ ಸೆನ್ಸರ್‌ಗಳಿಗೆ ಸಣ್ಣ ಯುಪಿಎಸ್ ಕೊಟ್ಟರೆ ಕತ್ತಲೆಯ ಆ ಕೆಲವು ಸೆಕೆಂಡುಗಳಲ್ಲಿ ಏನಾಯಿತೆಂಬ ದಾಖಲೆ ಉಳಿಯುತ್ತದೆ. ಬೆಂಕಿಯ ಅಲಾರಂ ಬಂದಾಗ ನಿಲ್ಲಿಸುವ ವ್ಯವಸ್ಥೆಯನ್ನು ಮಾತ್ರ ಸಾಫ್ಟ್‌ವೇರ್‌ಗೆ ಬಿಡದೆ, ನಿಮ್ಮ ಅಗ್ನಿಸುರಕ್ಷತಾ ಯೋಜನೆಯ ಪ್ರಕಾರ ನೇರ ತಂತಿಯ ರಿಲೇಯಿಂದಲೇ ಮಾಡಿಸಿ.

ವೇಗದ ಆದೇಶವನ್ನು ಬದಲಾವಣೆ ಇದ್ದಾಗ ಮಾತ್ರ ಬರೆಯಿರಿ. ಕೆಲವು ಮೋಟಾರುಗಳು ಪ್ರತಿ ಆದೇಶವನ್ನೂ ತಮ್ಮ ಶಾಶ್ವತ ಸ್ಮೃತಿಯಲ್ಲಿ ಉಳಿಸುತ್ತವೆ, ಆ ಚಿಪ್‌ಗೆ ಬರೆಯುವ ಸಲಗಳ ಮಿತಿಯಿದೆ. ಮಿತಿ ಒಂದು ಲಕ್ಷ ಸಲವಾಗಿದ್ದು ನೀವು ಸೆಕೆಂಡಿಗೊಮ್ಮೆ ಬರೆಯುತ್ತಿದ್ದರೆ 28 ಗಂಟೆಯಲ್ಲಿ ಅದು ಮುಗಿಯುತ್ತದೆ. ಯಾವ ರಿಜಿಸ್ಟರ್ ತಾತ್ಕಾಲಿಕ, ಯಾವುದು ಶಾಶ್ವತ ಎಂದು ಕೈಪಿಡಿಯಲ್ಲಿ ನೋಡಿಯೇ ಬಳಸಬೇಕು.

ರಾತ್ರಿಯ ವೇಗ

ಎರಡನೇ ಪಾಳಿ ಮುಗಿದ ಮೇಲೆ ಕೋಣೆ ಖಾಲಿಯಿದ್ದರೆ ವೇಗ ಇಳಿಸಬಹುದು, ಆದರೆ ಪೂರ್ತಿ ನಿಲ್ಲಿಸಬಾರದು. ಪ್ಲೀನಮ್ ಕೋಣೆಗಿಂತ ಕಡಿಮೆ ಒತ್ತಡದಲ್ಲಿರುವ ವಿನ್ಯಾಸದಲ್ಲಿ, ಉಳಿದವು ಓಡುತ್ತಿರುವಾಗ ನಿಂತ ಯೂನಿಟ್‌ನ ಮೂಲಕ ಗಾಳಿ ಹಿಮ್ಮುಖವಾಗಿ ಮೇಲೇರುತ್ತದೆ. ಕೋಣೆಯ ಕಣಗಳು ಫಿಲ್ಟರ್‌ನ ಶುದ್ಧ ಬದಿಗೆ ಅಂಟಿಕೊಂಡು ಬೆಳಿಗ್ಗೆ ಫ್ಯಾನ್ ಶುರುವಾದಾಗ ಕೆಲಸದ ಮೇಜಿನ ಮೇಲೆಯೇ ಉದುರಬಹುದು.

ಉಳಿತಾಯದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕೋಣ. ಯೂನಿಟ್ ಒಂದಕ್ಕೆ 100 ವ್ಯಾಟ್ ಎಂದಿಟ್ಟುಕೊಂಡರೆ ಹದಿನಾರಕ್ಕೆ 1.6 ಕಿಲೋವ್ಯಾಟ್. ವೇಗ ಶೇಕಡಾ 60ಕ್ಕೆ ಇಳಿದಾಗ ಘನದ ನಿಯಮದಂತೆ ಶೇಕಡಾ 22ರಷ್ಟು ಸಾಕೆನಿಸಿದರೂ ಮೋಟಾರಿನ ಎಲೆಕ್ಟ್ರಾನಿಕ್ಸ್ ತಿನ್ನುವುದನ್ನು ಸೇರಿಸಿ ಮೂರನೇ ಒಂದು ಭಾಗವೆಂದು ಹಿಡಿಯಿರಿ. ರಾತ್ರಿಯ ಹತ್ತು ಗಂಟೆಗಳ ಓಟದಲ್ಲಿ ಸುಮಾರು 11 ಯೂನಿಟ್ ವಿದ್ಯುತ್ ಉಳಿಯುತ್ತದೆ. ಫ್ಯಾನ್‌ಗಳ ವಿದ್ಯುತ್ತೆಲ್ಲ ಕೊನೆಗೆ ಕೋಣೆಯೊಳಗೆ ಶಾಖವಾಗುವುದರಿಂದ ಎ.ಸಿ.ಯ ಕೆಲಸವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಇಷ್ಟು ಸಣ್ಣ ಕೋಣೆಯಲ್ಲಿ ಇದು ದೊಡ್ಡ ಮೊತ್ತವಲ್ಲ. ಸ್ವಯಂಚಾಲನೆಯ ನಿಜವಾದ ಲಾಭ, ಯೂನಿಟ್ ಸೋಲುವುದು ಮಾಲು ತಿರಸ್ಕೃತವಾಗುವ ಮೊದಲೇ ಗೊತ್ತಾಗುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನೂರಾರು ಯೂನಿಟ್‌ಗಳಿರುವ ಕಡೆ ಮಾತ್ರ ರಾತ್ರಿಯ ವೇಗವೇ ಹಣ ಹಿಂದಿರುಗಿಸಬಲ್ಲದು.

ಇಳಿಸಿದ ವೇಗದಿಂದ ಕೆಲಸದ ವೇಗಕ್ಕೆ ಮರಳಿದ ಮೇಲೆ ಕಣಗಳ ಸಂಖ್ಯೆ ಮಿತಿಯೊಳಗೆ ಬರಲು ಎಷ್ಟು ನಿಮಿಷ ಬೇಕೆಂದು ಕಣ ಎಣಿಸುವ ಯಂತ್ರವಿಟ್ಟು ನೋಡಿ, ಅದರ ಎರಡರಷ್ಟು ಸಮಯ ಮುಂಚೆ ಬೆಳಗಿನ ಪಾಳಿಗಾಗಿ ವೇಗ ಏರುವಂತೆ ವೇಳಾಪಟ್ಟಿ ಇಡಿ. ಔಷಧ ತಯಾರಿಕೆಯ ಘಟಕಗಳಲ್ಲಿ ಇಂಥ ಬದಲಾವಣೆಯನ್ನು ಗುಣಮಟ್ಟ ವಿಭಾಗದ ಒಪ್ಪಿಗೆ ಮತ್ತು ದಾಖಲೆಯಿಲ್ಲದೆ ಮಾಡುವಂತಿಲ್ಲ.

ಅಲಾರಂ

ಮೂರು ಬಗೆ ಸಾಕು: ಯೂನಿಟ್ ನಿಂತಿದೆ, ಯೂನಿಟ್‌ನ ಸಂಪರ್ಕವಿಲ್ಲ, ಕೋಣೆಯ ಒತ್ತಡ ಇಳಿದಿದೆ. ಒತ್ತಡದ ಅಲಾರಂಗೆ ಬಾಗಿಲು ತೆರೆದು ಮುಚ್ಚುವಷ್ಟು, ಅಂದರೆ 30 ರಿಂದ 60 ಸೆಕೆಂಡಿನ ವಿಳಂಬ ಇಡಿ. ಇಲ್ಲವಾದರೆ ಟ್ರಾಲಿ ಹೋದಾಗಲೆಲ್ಲ ಅದು ಕೂಗಿ, ಕೂಗಿನ ಬೆಲೆಯೇ ಹೋಗುತ್ತದೆ. ಪರದೆಯ ಸಂದೇಶ ಕನ್ನಡದಲ್ಲಿ, ಜಾಗದ ಹೆಸರಿನೊಂದಿಗೆ ಇರಲಿ. ‘ಫಾಲ್ಟ್ 07’ ಎಂಬುದಕ್ಕಿಂತ ‘ಎಫ್‌ಎಫ್‌ಯು 7 ನಿಂತಿದೆ, ಪ್ಯಾಕಿಂಗ್ ಮೇಜಿನ ಮೇಲ್ಗಡೆ, ಕೆಳಗಿನ ಕೆಲಸ ನಿಲ್ಲಿಸಿ ಮೇಂಟೆನೆನ್ಸ್‌ಗೆ ತಿಳಿಸಿ’ ಎಂಬುದು ರಾತ್ರಿ ಪಾಳಿಯ ಆಪರೇಟರ್‌ಗೆ ಉಪಯೋಗಕ್ಕೆ ಬರುತ್ತದೆ. ಪರದೆ ಕೊಳ್ಳುವ ಮೊದಲೇ ಅದರಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿಕೊಳ್ಳಿ. ಸೆನ್ಸರ್‌ನ ಪಕ್ಕದಲ್ಲೇ ಮುಳ್ಳಿನ ಒತ್ತಡದ ಗೇಜ್ ಒಂದಿರಲಿ, ಎರಡನ್ನೂ ಹೋಲಿಸಲು.

ಫಿಲ್ಟರ್ ತುಂಬುವುದು ಮತ್ತು ಬದಲಿಸುವುದು

ಬೇಸಿಗೆಯಲ್ಲಿ ಇಲ್ಲಿಯ ಕಲ್ಲುಕ್ವಾರಿಗಳ ದೂಳು, ಒಣ ಹೊಲಗಳ ದೂಳು ಎರಡೂ ಹೊಸ ಗಾಳಿಯ ಯಂತ್ರದ ಪ್ರಿ-ಫಿಲ್ಟರ್‌ಗೆ ಮೊದಲು ಬಡಿಯುತ್ತವೆ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಅದನ್ನು ಉಳಿದ ತಿಂಗಳುಗಳಿಗಿಂತ ಬೇಗ ಬೇಗ ತೆಗೆದು ನೋಡಬೇಕು. ಕೋಣೆಯ ಒತ್ತಡ ದಿನದಿಂದ ದಿನಕ್ಕೆ ಒಂದೊಂದು ಪಾಸ್ಕಲ್ ಇಳಿಯುತ್ತಿದ್ದರೆ ಹೆಚ್ಚಿನ ಸಲ ಕಾರಣ ಇಲ್ಲೇ ಇರುತ್ತದೆ.

ಹೆಪಾ ಫಿಲ್ಟರ್ ತುಂಬುವುದು ನಿಧಾನ. ಸ್ಥಿರ ವೇಗದಲ್ಲಿ ಓಡುವ ಯೂನಿಟ್‌ಗಳಲ್ಲಿ ಆರ್‌ಪಿಎಂ ಬದಲಾಗದೆಯೇ ಗಾಳಿ ಕಡಿಮೆಯಾಗುವುದರಿಂದ, ಆರು ತಿಂಗಳಿಗೊಮ್ಮೆಯಾದರೂ ಗಾಳಿಯನ್ನು ಅಳೆದು, ಪಟ್ಟಿಯೊಂದಿಗೆ ಹೋಲಿಸಿ, ಬೇಕಾದಷ್ಟು ವೇಗ ಏರಿಸಿ, ಏರಿಸಿದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಸ್ಥಿರ ಗಾಳಿಯ ಸೌಲಭ್ಯವಿರುವ ಯೂನಿಟ್‌ಗಳಲ್ಲಿ ಆರ್‌ಪಿಎಂ ತಾನಾಗಿಯೇ ಏರುತ್ತಾ ಹೋಗುತ್ತದೆ. ತಿಂಗಳ ಸರಾಸರಿಯನ್ನು ದಾಖಲಿಸಿದರೆ ಯಾವ ಯೂನಿಟ್ ಗರಿಷ್ಠ ಮಿತಿಗೆ ಹತ್ತಿರವಾಗುತ್ತಿದೆ ಎಂಬುದು ತಿಂಗಳುಗಳ ಮೊದಲೇ ಕಾಣುತ್ತದೆ. ವೇಗ ಶೇಕಡಾ 90 ದಾಟಿದಾಗ, ಅಥವಾ ಫಿಲ್ಟರ್‌ನ ತಡೆ ಹೊಸದಿದ್ದಾಗಿನ ಎರಡರಷ್ಟಾದಾಗ ಹೊಸದನ್ನು ಆರ್ಡರ್ ಮಾಡುವುದು ರೂಢಿ.

ಫಿಲ್ಟರ್ ಬದಲಿಸಿದ ಮೇಲೆ ಏರೋಸಾಲ್ (ಸೂಕ್ಷ್ಮ ಕಣಗಳ ಮಂಜು) ಬಿಟ್ಟು ಅಂಚಿನ ಗ್ಯಾಸ್ಕೆಟ್ ಸಮೇತ ಸೋರಿಕೆ ಪರೀಕ್ಷೆ ಮಾಡಿಸಬೇಕು. ಇಷ್ಟು ಮಾಡಿದರೂ ಪಿಎಲ್‌ಸಿಯಲ್ಲಿ ಹಳೆಯ ವೇಗವನ್ನು ಹಾಗೆಯೇ ಬಿಡುವವರು ಇದ್ದಾರೆ. ತುಂಬಿದ ಫಿಲ್ಟರ್‌ಗೆಂದು ಏರಿಸಿದ್ದ ವೇಗ ಹೊಸ ಫಿಲ್ಟರ್‌ಗೆ ಅತಿಯಾಗಿ, ಆ ಯೂನಿಟ್‌ನ ಕೆಳಗೆ ಗಾಳಿಯ ಹೊಡೆತ ಜೋರಾಗುತ್ತದೆ, ಪಕ್ಕದ ಯೂನಿಟ್‌ಗಳ ಪಾಲು ಕಡಿಮೆಯಾಗುತ್ತದೆ. ಬದಲಿಸಿದ ದಿನವೇ ಮೂರು ವೇಗಗಳಲ್ಲಿ ಮತ್ತೆ ಅಳೆದು, ಪಟ್ಟಿಯ ಆ ಸಾಲನ್ನು ಹೊಸದಾಗಿ ಬರೆದು, ಪಿಎಲ್‌ಸಿಯ ಸೆಟ್‌ಪಾಯಿಂಟ್ (ನಿಗದಿತ ವೇಗ) ತಿದ್ದಿ, ಓಡಿದ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತಂದು, ಪ್ಯಾನೆಲ್ ಬಾಗಿಲಿನ ಒಳಬದಿಯ ಹಾಳೆಯಲ್ಲಿ ಫಿಲ್ಟರ್‌ನ ಸರಣಿ ಸಂಖ್ಯೆಯೊಂದಿಗೆ ಸಹಿ ಹಾಕಬೇಕು.